ರಸಮಂಜರಿ ವೇದಿಕೆಯಲ್ಲಿ ಬೇಸ್ ಗಿಟಾರ್‌ನವನು ಎಲ್ಲಿ?

ಸದ್ದು ಏರಿತು, ನಾದ ಇಳಿಯಿತು. ನಾಲ್ಕು ತಂತಿಯ ವಾದ್ಯಕ್ಕೆ ಬಂದ ಗತಿ

(ನಮ್ಮ ನಗರ ವರದಿಗಾರರಿಂದ)

ಶಿವಮೊಗ್ಗ: ಗಣಪತಿ ಕೂರಿಸುವ ದಿನ ಹತ್ತಿರ ಬಂತೆಂದರೆ ಊರಿನ ಗೋಡೆಗಳಿಗೆ ಬಾಯಿ ಬರುತ್ತದೆ. ಗೋಪಿ ವೃತ್ತದಿಂದ ವಿನೋಬನಗರದ ತುದಿಯವರೆಗೆ ಬ್ಯಾನರುಗಳ ಸಾಲು. ‘ಅದ್ದೂರಿ ರಸಮಂಜರಿ ಕಾರ್ಯಕ್ರಮ, ಸರ್ವರಿಗೂ ಆದರದ ಸ್ವಾಗತ.’ ಗಾಯಕಿಯ ಫೋಟೋ ಉಂಟು, ಮಿಮಿಕ್ರಿಯವನ ಫೋಟೋ ಉಂಟು, ಸಮಿತಿ ಅಧ್ಯಕ್ಷರ ಫೋಟೋ ಉಂಟು, ಅಧ್ಯಕ್ಷರ ಬಾಮೈದನ ಫೋಟೋ ಕೂಡ ಉಂಟು. ವಾದ್ಯ ನುಡಿಸುವವರ ಹೆಸರು ಮಾತ್ರ ಹುಡುಕಿದರೂ ಸಿಗೋದಿಲ್ಲ.

ಹೆಸರು ಹಾಳಾಗಿ ಹೋಗಲಿ, ಈಗ ಆ ಮನುಷ್ಯರೇ ವೇದಿಕೆ ಮೇಲೆ ಇಲ್ಲ. ಹಿಂದೆ ಒಂದು ಆರ್ಕೆಸ್ಟ್ರಾ ಬಂತೆಂದರೆ ಮೆಟಡೋರ್ ತುಂಬ ಜನ ಇಳಿಯುತ್ತಿದ್ದರು. ತಬಲ, ಢೋಲಕ್, ಡ್ರಮ್ಸ್, ಕಾಂಗೋ, ಕೀಬೋರ್ಡು, ಲೀಡ್ ಗಿಟಾರು, ಕೊಳಲು. ಎಲ್ಲರ ಹಿಂದೆ, ಡ್ರಮ್ಮಿನ ಪಕ್ಕ, ಬೆಳಕು ಬೀಳದ ಜಾಗದಲ್ಲಿ ಉದ್ದ ಕುತ್ತಿಗೆಯ ಗಿಟಾರು ನೇತು ಹಾಕಿಕೊಂಡು ಒಬ್ಬ ನಿಂತಿರುತ್ತಿದ್ದ. ಅವನೇ ಬೇಸ್ ಗಿಟಾರ್‌ನವನು. ಈಗ ಎಣಿಸಿ ನೋಡಿ. ಬಹಳಷ್ಟು ಕಡೆ ಒಂದು ಕೀಬೋರ್ಡು, ಒಂದು ಪ್ಯಾಡು, ಒಂದು ಲ್ಯಾಪ್‌ಟಾಪು. ಮಿಕ್ಕಿದ್ದೆಲ್ಲ ಪೆನ್‌ಡ್ರೈವು.

‘ಹೋದರೆ ಹೋಗಲಿ ಬಿಡಿ ಸ್ವಾಮಿ, ಹಾಡು ಕೇಳಿಸ್ತಲ್ಲ’ ಅಂತೀರಾ? ಅಲ್ಲೇ ಇರೋದು ವಿಷಯ. ಹೋದದ್ದು ಏನು, ಅದರ ಜಾಗಕ್ಕೆ ಬಂದದ್ದು ಏನು ಅನ್ನುವುದನ್ನು ಅಂಗಡಿಯಲ್ಲಿ ಕೂತವರೂ ಬಸ್ಸಿಗೆ ಕಾದವರೂ ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಯಾಕೆಂದರೆ ಚಂದಾ ಕೊಡುವವರು ನೀವು.

ಬಸ್ಸಿನ ಚಾಸಿ ಇದ್ದ ಹಾಗೆ

ಮಾಮೂಲಿ ಗಿಟಾರಿಗೆ ಆರು ತಂತಿ, ಬೇಸ್ ಗಿಟಾರಿಗೆ ನಾಲ್ಕು. ತಂತಿಗಳು ದಪ್ಪ, ಕುತ್ತಿಗೆ ಉದ್ದ. ಸಾಧಾರಣ ಬೇಸ್‌ನಲ್ಲಿ ತಂತಿ ಮಿಡಿಯುವ ಉದ್ದ 34 ಅಂಗುಲ. ಮಾಮೂಲಿ ಎಲೆಕ್ಟ್ರಿಕ್ ಗಿಟಾರಿನಲ್ಲಿ ಅದು 25 ಅಂಗುಲದ ಆಸುಪಾಸು. ಕೆಳಗಿನಿಂದ ಇ, ಎ, ಡಿ, ಜಿ ಎಂದು ತಂತಿಗಳಿಗೆ ಹೆಸರು. ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ನಡುಗುತ್ತದೆ. ಮನುಷ್ಯನ ಕಿವಿಗೆ ಕೇಳಿಸುವುದು ಸುಮಾರು 20ರಿಂದ ಮೇಲೆ. ಅಂದರೆ ಕಿವಿಯ ಕೊನೇ ಮೆಟ್ಟಿಲ ಹತ್ತಿರದ ವ್ಯವಹಾರ ಇದು.

ಹಾಡಿನಲ್ಲಿ ಈ ವಾದ್ಯದ ಕೆಲಸ ಎರಡು. ಒಂದು, ಹಾಡು ಈಗ ಯಾವ ಕಾರ್ಡಿನ ಮೇಲೆ ನಿಂತಿದೆ ಎಂದು ಕೆಳಗಿನಿಂದ ಹೇಳುವುದು. ಎರಡು, ಡ್ರಮ್ಮಿನವನು ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್ಮಿನ ಜೊತೆ ಸೇರಿ ತಾಳಕ್ಕೆ ತೂಕ ಕೊಡುವುದು. ತಂಬೂರಿಯ ಆಧಾರವೂ ಬೇಕು, ಮೃದಂಗದ ಎಡಗೈಯ ಗುಂಕಿಯೂ ಬೇಕು ಅಂದರೆ ಎರಡನ್ನೂ ಒಬ್ಬನೇ ಹೊತ್ತುಕೊಂಡ ಹಾಗೆ. ಬಸ್ಸಿನಲ್ಲಿ ಹೋಗುವವರು ಬಣ್ಣ ನೋಡುತ್ತಾರೆ, ಸೀಟು ನೋಡುತ್ತಾರೆ, ಕಿಟಕಿ ಹಿಡಿಯುತ್ತಾರೆ. ಚಾಸಿ ಯಾರು ನೋಡುತ್ತಾರೆ? ಚಾಸಿ ಇಲ್ಲದೆ ಬಸ್ಸು ಆಯನೂರು ದಾಟುತ್ತದೆಯೇ?

ಒಂದು ಪರೀಕ್ಷೆ ಮಾಡಿ. ಯಾವುದಾದರೂ ಹಳೇ ಚಿತ್ರಗೀತೆಯನ್ನು ಮೊಬೈಲಿನ ಸ್ಪೀಕರಿನಲ್ಲಿ ಹಾಕಿ. ಆಮೇಲೆ ಅದೇ ಹಾಡನ್ನು ಒಳ್ಳೇ ಇಯರ್‌ಫೋನಿನಲ್ಲಿ ಕೇಳಿ. ಅಷ್ಟು ಹೊತ್ತು ಇಲ್ಲದ ಒಬ್ಬ ಮನುಷ್ಯ ಒಳಗೆ ಓಡಾಡುವುದು ತಿಳಿಯುತ್ತದೆ. ಮೊಬೈಲಿನ ಬೆರಳುಗುರಿನಷ್ಟು ಸ್ಪೀಕರಿಗೆ 41 ನಡುಕದ ಸ್ವರ ಹೊರಡಿಸುವ ತಾಕತ್ತಿಲ್ಲ. ಆ ಸ್ವರದ ಜೊತೆ ಹುಟ್ಟುವ ಮೇಲಿನ ಸ್ವರಗಳನ್ನಷ್ಟೇ ಕೊಡುತ್ತದೆ. ನಮ್ಮ ಮಿದುಳು ಅದರಿಂದಲೇ ಕೆಳಗಿನದನ್ನು ಊಹಿಸಿ ತುಂಬಿಕೊಳ್ಳುತ್ತದೆ. ಹಾಗಾಗಿ ಮೊಬೈಲಿನಲ್ಲಿ ನಮಗೆ ಸಿಗುವುದು ಬೇಸ್‌ನ ನೆರಳು, ಅಸಲು ಆಸಾಮಿ ಅಲ್ಲ.

ರೇಡಿಯೋ ರಿಪೇರಿಯವನ ಕೈಚಳಕ

ಮೊದಲು ಈ ಕೆಲಸಕ್ಕೆ ಇದ್ದದ್ದು ಆಳೆತ್ತರದ ಡಬಲ್ ಬೇಸ್. ಹೊತ್ತು ತಿರುಗುವುದು ಕಷ್ಟ, ಬ್ಯಾಂಡಿನ ಗದ್ದಲದಲ್ಲಿ ಅದರ ಸದ್ದು ಕೇಳಿಸುವುದು ಇನ್ನೂ ಕಷ್ಟ. ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಎಂಬಾತ 1930ರ ದಶಕದಲ್ಲೇ ಮಡಿಲಲ್ಲಿ ಹಿಡಿಯುವ ಎಲೆಕ್ಟ್ರಿಕ್ ಬೇಸ್ ಮಾಡಿದ್ದ. ಅದು ಓಡಲಿಲ್ಲ. ಓಡಿದ್ದು 1951ರಲ್ಲಿ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ಎಂದು ಹೆಸರಿಟ್ಟು ಮಾರಾಟಕ್ಕೆ ಬಿಟ್ಟ. ಆತ ಮೂಲತಃ ರೇಡಿಯೋ ರಿಪೇರಿ ಅಂಗಡಿಯವನು. ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಕುತ್ತಿಗೆ ಮೇಲೆ ಫ್ರೆಟ್ ಎನ್ನುವ ಲೋಹದ ಪಟ್ಟಿಗಳಿದ್ದುದರಿಂದ ಬೆರಳಿಟ್ಟ ಕಡೆ ಸ್ವರ ಕರಾರುವಾಕ್ಕಾಗಿ ಬರುತ್ತಿತ್ತು. ಅದಕ್ಕೇ ಆ ಹೆಸರು. 1960ರಲ್ಲಿ ಅದೇ ಕಂಪನಿಯಿಂದ ‘ಜಾಜ್ ಬೇಸ್’ ಬಂತು. ಇವತ್ತು ಅಂಗಡಿಯಲ್ಲಿ ನೇತಾಡುವ ಅಗ್ಗದ ಬೇಸ್‌ಗಳಲ್ಲೂ ಹೆಚ್ಚಿನವು ಈ ಎರಡರ ನಕಲೇ.

ನಮ್ಮ ಕಡೆಗೆ ಈ ನಾದ ಬಂದದ್ದು ಸಿನಿಮಾ ದಾರಿಯಿಂದ. ಮುಂಬಯಿಯಲ್ಲಿ ಆರ್.ಡಿ. ಬರ್ಮನ್ ತಂಡಕ್ಕೆ ಟೋನಿ ವಾಜ್ ಬೇಸ್ ನುಡಿಸಿದರು. ದಕ್ಷಿಣದಲ್ಲಿ ಬೇಸ್ ಗಿಟಾರಿಗೆ ಮಾತು ಕಲಿಸಿದವರು ಇಳಯರಾಜ. ಈತ ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದವರು. 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’, 1983ರಲ್ಲಿ ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’, ಎರಡಕ್ಕೂ ಸಂಗೀತ ಇಳಯರಾಜ ಅವರದೇ. ಆ ಹಾಡುಗಳನ್ನು ಮತ್ತೆ ಕೇಳಿ. ಬೇಸ್ ಬರೀ ದಂ ದಂ ಅನ್ನುವುದಿಲ್ಲ, ಹಾಡುವವರ ಜೊತೆ ಕೆಳಗಿನಿಂದ ಇನ್ನೊಂದು ರಾಗವನ್ನೇ ಹೇಳುತ್ತಾ ಹೋಗುತ್ತದೆ. ಅಂಥ ಹಾಡು ವೇದಿಕೆ ಮೇಲೆ ಬರಬೇಕಾದರೆ ಬೇಸ್‌ನವನು ಬೇಕೇ ಬೇಕಿತ್ತು. ಊರೂರಿನ ಆರ್ಕೆಸ್ಟ್ರಾಗಳಲ್ಲಿ ಅವನಿಗೆ ಜಾಗ ಸಿಕ್ಕಿದ್ದು ಹಾಗೆ.

ಬೆರಳಲ್ಲಿ ಇರೋದು ಅರ್ಧ, ಬಿಡೋದರಲ್ಲಿ ಅರ್ಧ

ಎಂಬತ್ತರ ದಶಕದ ಕೊನೆಯಿಂದ ರಸಮಂಜರಿಗಳಲ್ಲಿ ಬೇಸ್ ನುಡಿಸಿದ ಹಿರಿಯರೊಬ್ಬರು ನಮ್ಮೂರಿನಲ್ಲಿದ್ದಾರೆ. ಹಗಲು ಮೋಟಾರು ರಿವೈಂಡಿಂಗ್ ಕೆಲಸ. ಹೆಸರು ಬೇಡ ಅಂದರು. ‘ಇಷ್ಟು ವರ್ಷ ಬ್ಯಾನರಿಗೆ ಬಾರದ ಹೆಸರು ಪೇಪರಿಗೆ ಯಾಕೆ ಮಾರಾಯ್ರೇ?’ ಎಂದು ನಕ್ಕರು.

‘ಯಜಮಾನ್ರೇ, ಬೇಸ್ ನುಡಿಸೋದು ಸುಲಭ ಅಂತಾರಲ್ಲ, ಬರೀ ನಾಲ್ಕು ತಂತಿ?’ ಎಂದು ಕೇಳಿದ್ದಕ್ಕೆ ಅವರು ಬಲಗೈ ಮುಂದೆ ಚಾಚಿದರು. ತೋರುಬೆರಳು, ನಡುಬೆರಳಿನ ತುದಿ ಗಟ್ಟಿ ಚರ್ಮ. ‘ಈ ಎರಡು ಬೆರಳು ನಡ್ಕೊಂಡು ಹೋದ ಹಾಗೆ ಹೋಗ್ಬೇಕು. ಎಡ, ಬಲ, ಎಡ, ಬಲ. ಒಂದು ಜೋರು ಒಂದು ಮೆತ್ತಗೆ ಆದ್ರೆ ಕುಂಟಿದ ಹಾಗೆ ಕೇಳ್ತದೆ. ಹೆಬ್ಬೆರಳು ಪಿಕಪ್ ಮೇಲೆ ಊರಿ ಇಡ್ಬೇಕು. ಕುತ್ತಿಗೆ ಹತ್ತಿರ ಮೀಟಿದ್ರೆ ದುಂಡಗೆ, ಬ್ರಿಡ್ಜ್ ಹತ್ತಿರ ಮೀಟಿದ್ರೆ ಬಿಗಿ. ಒಂದೇ ಗಿಟಾರಲ್ಲಿ ನಾಲ್ಕು ಥರ ಸದ್ದು ಕೈಯಲ್ಲೇ ಉಂಟು, ಡಬ್ಬಿ ಯಾಕೆ?’

ಇನ್ನೊಂದು ಗುಟ್ಟನ್ನೂ ಹೇಳಿದರು. ಸ್ವರ ಹುಟ್ಟಿಸುವುದಕ್ಕಿಂತ ಅದನ್ನು ಸರಿಯಾದ ಹೊತ್ತಿಗೆ ನಿಲ್ಲಿಸುವುದು ಕಷ್ಟ. ದಪ್ಪ ತಂತಿ ತಾನಾಗಿ ಸುಮ್ಮನಾಗುವುದಿಲ್ಲ. ಮೀಟದ ತಂತಿಯೂ ಪಕ್ಕದ್ದರ ನಡುಕಕ್ಕೆ ಎದ್ದು ಗುಂಯ್‌ಗುಡುತ್ತದೆ. ಎಡಗೈಯ ಖಾಲಿ ಬೆರಳುಗಳು, ಬಲಗೈಯ ಅಂಗೈ ಅಂಚು ಸದಾ ತಂತಿಗಳ ಬಾಯಿ ಮುಚ್ಚಿರಬೇಕು. ಕಲಿಯುವ ಹುಡುಗರು ಎಡವುವುದು ಇಲ್ಲೇ. ಮನೆಯಲ್ಲಿ ಒಬ್ಬನೇ ನುಡಿಸುವಾಗ ಗೊತ್ತಾಗುವುದಿಲ್ಲ, ಮೈದಾನದ ದೊಡ್ಡ ಬಾಕ್ಸಿನಲ್ಲಿ ಇದೇ ಕೆಸರಾಗಿ ಕೇಳಿಸುತ್ತದೆ.

ಕೈ ಬಳಕೆಯಲ್ಲಿ ಲೋಕದ ದೊಡ್ಡವರದ್ದು ಒಬ್ಬೊಬ್ಬರದು ಒಂದೊಂದು ರೀತಿ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳು ಒಂದರಲ್ಲೇ ಎಲ್ಲವನ್ನೂ ಮೀಟುತ್ತಿದ್ದರು. ತಂತಿ ಹಳತಾದರೂ ಬದಲಿಸುತ್ತಿರಲಿಲ್ಲ. ಅವರು ನುಡಿಸಿದ ಹಾಡುಗಳನ್ನು ಪ್ರಪಂಚವೇ ಗುನುಗಿತು. ನುಡಿಸಿದವರು ಯಾರು ಎಂದು ಮಾತ್ರ ವರ್ಷಗಟ್ಟಲೆ ಯಾರಿಗೂ ಗೊತ್ತಿರಲಿಲ್ಲ. ಮೋಟೌನ್ ಕಂಪನಿ ತಟ್ಟೆಯ ಹೊದಿಕೆ ಮೇಲೆ ವಾದಕರ ಹೆಸರು ಹಾಕುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನ ಮೇಲೆ ಜೇಮರ್ಸನ್ ಹೆಸರು ಅಚ್ಚಾಯಿತು. 1983ರಲ್ಲಿ ಅವರು ತೀರಿಕೊಂಡಾಗ ವಯಸ್ಸು 47. ನಮ್ಮ ಬ್ಯಾನರಿನ ಕಥೆ ಹೊಸದೇನಲ್ಲ ನೋಡಿ.

ಹೆಬ್ಬೆರಳಲ್ಲಿ ತಂತಿಗೆ ಬಡಿದು, ಇನ್ನೊಂದು ಬೆರಳಲ್ಲಿ ಎಳೆದು ಬಿಡುವ ‘ಸ್ಲ್ಯಾಪ್’ ಅನ್ನುವ ವರಸೆ ಇದೆ. ಅದನ್ನು ಬೆಳಕಿಗೆ ತಂದ ಲ್ಯಾರಿ ಗ್ರಹಾಂ ಚಿಕ್ಕಂದಿನಲ್ಲಿ ತಾಯಿಯ ಜೊತೆ ಕಾರ್ಯಕ್ರಮ ಕೊಡುತ್ತಿದ್ದರು. ತಂಡದಲ್ಲಿ ಡ್ರಮ್ಮಿನವನು ಇಲ್ಲದಾದಾಗ ಬೇಸ್ ತಂತಿಯನ್ನೇ ಡ್ರಮ್ಮಿನಂತೆ ಬಡಿಯಲು ಶುರು ಮಾಡಿದರು. ಆಳು ಕಮ್ಮಿಯಾದಾಗ ಹುಟ್ಟಿದ ವಿದ್ಯೆ ಅದು. ಇನ್ನು ಜಾಕೋ ಪಾಸ್ಟೋರಿಯಸ್ 1976ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಫ್ರೆಟ್ಟೇ ಇಲ್ಲದ ಬೇಸ್ ನುಡಿಸಿ ಬೆರಗು ಹುಟ್ಟಿಸಿದರು. ಪಟ್ಟಿ ಇಲ್ಲದಿದ್ದರೆ ಸ್ವರದಿಂದ ಸ್ವರಕ್ಕೆ ಜಾರಬಹುದು. ಗಮಕ ಗೊತ್ತಿರುವ ನಮ್ಮ ಕಿವಿಗೆ ಅದು ಹತ್ತಿರದ ಸಂಗತಿ.

27 ಅಡಿ ಉದ್ದದ ಅಲೆ

ಗಿಟಾರಿನ ಬಾಕ್ಸಿಗೆ ಬೇಸ್ ಸಿಕ್ಕಿಸಿದರೆ ಸಾಲದೇ? ಸಾಲದು. ಕೆಳಸ್ವರ ಹೊರಡಿಸಲು ಸ್ಪೀಕರು ಹೆಚ್ಚು ಗಾಳಿ ತಳ್ಳಬೇಕು. ದಪ್ಪ ತಂತಿಯ ಇ ಸ್ವರದ ಒಂದು ಅಲೆಯ ಉದ್ದ 8.3 ಮೀಟರ್, ಅಂದರೆ ಸುಮಾರು 27 ಅಡಿ. ಒಂದು ಬಸ್ಸಿನ ಮುಕ್ಕಾಲು ಭಾಗ! ಮೇಲಾಗಿ ಮನುಷ್ಯನ ಕಿವಿಗೆ ತಗ್ಗಿನ ಸ್ವರ ಮಂದವಾಗಿ ಕೇಳಿಸುತ್ತದೆ. ಹಾಡುವವರ ದನಿಯಷ್ಟೇ ಜೋರಾಗಿ ಬೇಸ್ ಕೇಳಿಸಬೇಕಾದರೆ ಅದಕ್ಕಿಂತ ಎಷ್ಟೋ ಪಟ್ಟು ವಿದ್ಯುತ್ ಸುರಿಯಬೇಕು. 1969ರಲ್ಲಿ ಆಂಪೆಗ್ ಕಂಪನಿ ಬೇಸ್‌ಗೆಂದೇ ತಂದ ‘ಎಸ್.ವಿ.ಟಿ.’ ಆಂಪ್ಲಿಫೈಯರಿನ ಶಕ್ತಿ 300 ವ್ಯಾಟ್. ವಾಲ್ವಿನ ಆ ಪೆಟ್ಟಿಗೆಯನ್ನು ಎತ್ತಲು ಗಟ್ಟಿ ಆಳು ಬೇಕು.

ನಮ್ಮ ರಸಮಂಜರಿಯವರಿಗೆ ಅಂಥದ್ದೆಲ್ಲ ಎಲ್ಲಿಂದ ಬರಬೇಕು? ಮೈಕ್‌ಸೆಟ್‌ನವರ ಮಿಕ್ಸರಿಗೇ ನೇರ ಜ್ಯಾಕ್ ಹಾಕುವುದು ರೂಢಿ. ಹಾಗೆ ಹಾಕಿದರೆ ಸದ್ದು ಸೊರಗುತ್ತದೆ, ಗುಂಯ್ ಎನ್ನುವ ಗೊಣಗು ಸೇರಿಕೊಳ್ಳುತ್ತದೆ. ಕಾರಣ ಸರಳ. ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತಕ್ಕೆ ಸುತ್ತಿದ ತೆಳು ತಂತಿ. ಅದರಿಂದ ಹೊರಡುವ ವಿದ್ಯುತ್ ಬಹಳ ಬಡಕಲು. ಉದ್ದ ವೈರಿನಲ್ಲಿ ದಾರಿಯಲ್ಲೇ ಕರಗುತ್ತದೆ, ಪಕ್ಕದ ಲೈಟಿನ ವೈರಿನ ಗೊಣಗನ್ನೂ ಹೀರಿಕೊಳ್ಳುತ್ತದೆ. ಇದಕ್ಕೆ ಮದ್ದು ‘ಡಿ.ಐ. ಬಾಕ್ಸ್’ ಎನ್ನುವ ಅಂಗೈಯಗಲದ ಡಬ್ಬಿ. ಗಿಟಾರಿನ ಬಡಕಲು ಸಿಗ್ನಲನ್ನು ಮೈಕಿನ ವೈರಿನಲ್ಲಿ ದೂರ ಓಡುವಂತೆ ಮಾರ್ಪಡಿಸಿ ಮಿಕ್ಸರಿಗೆ ಕಳಿಸುತ್ತದೆ. ಒಂದು ರಾತ್ರಿಯ ಹೂವಿನ ಅಲಂಕಾರಕ್ಕೆ ಆಗುವ ಖರ್ಚಿನಲ್ಲಿ ಒಂದು ಡಬ್ಬಿ ಬಂದೀತು.

ಅರ್ಥಿಂಗ್ ಮರೆತರೆ ಪ್ರಾಣಕ್ಕೇ ಸಂಚಕಾರ

ಗೊಣಗು ನಿಲ್ಲಿಸಲು ಕೆಲವರು ಪ್ಲಗ್ಗಿನ ಮೂರನೇ ಪಿನ್ನನ್ನೇ ಕಿತ್ತು ಹಾಕುತ್ತಾರೆ. ಇದು ಜೀವ ತೆಗೆಯುವ ಕೆಲಸ. ಬೇಸ್‌ನವನ ಕೈ ತಂತಿ ಮೇಲಿರುತ್ತದೆ, ತಂತಿ ಆಂಪ್ಲಿಫೈಯರಿನ ಅರ್ಥಿಗೆ ಸೇರಿರುತ್ತದೆ, ತುಟಿ ಮೈಕಿಗೆ ತಾಗುತ್ತದೆ. ಎರಡರಲ್ಲಿ ಒಂದಕ್ಕೆ ಅರ್ಥ್ ಇಲ್ಲದೆ ಕರೆಂಟ್ ಬಂದಿದ್ದರೆ ಮನುಷ್ಯನೇ ವೈರು. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ಅರ್ಥ್ ಇಲ್ಲದ ಮೈಕು ಮುಟ್ಟಿ ವೇದಿಕೆ ಮೇಲೆಯೇ ಸತ್ತ. ನಮ್ಮಲ್ಲಿ ಮಳೆಗಾಲದ ಹಬ್ಬ, ಒದ್ದೆ ನೆಲ, ಜನರೇಟರು, ತೇಪೆ ಹಾಕಿದ ವೈರು. ಹೇಳಬೇಕೇ?

ಡಿ.ಐ. ಬಾಕ್ಸಿನ ಮೇಲೆ ‘ಗ್ರೌಂಡ್ ಲಿಫ್ಟ್’ ಎನ್ನುವ ಸಣ್ಣ ಸ್ವಿಚ್ ಇರುತ್ತದೆ. ಗೊಣಗು ಬಂದರೆ ಅದನ್ನು ಒತ್ತಬೇಕು. ಅದು ಸಿಗ್ನಲ್ ವೈರಿನ ಅರ್ಥನ್ನು ಮಾತ್ರ ಬಿಡಿಸುತ್ತದೆ, ಮೇನ್ಸಿನ ಅರ್ಥ್ ಹಾಗೇ ಉಳಿಯುತ್ತದೆ. ಪ್ಲಗ್ಗಿನ ಪಿನ್ನಿಗೆ ಕೈ ಹಾಕುವ ಅಗತ್ಯವೇ ಇಲ್ಲ. ಮೈಕ್‌ಸೆಟ್‌ನವರು ಇದನ್ನು ಕಟ್ ಮಾಡಿ ಅಂಗಡಿಯಲ್ಲಿ ಅಂಟಿಸಿಕೊಂಡರೂ ತಪ್ಪಿಲ್ಲ.

ಕಾಲಡಿಯ ಡಬ್ಬಿಗಳ ಮೋಹ

ಈಗಿನ ಹುಡುಗರಿಗೆ ಬೇಸ್‌ಗಿಂತ ಪೆಡಲಿನ ಹುಚ್ಚು ಜಾಸ್ತಿ. ಪೆಡಲ್ ಎಂದರೆ ಕಾಲಲ್ಲಿ ಒತ್ತುವ ಸಣ್ಣ ಡಬ್ಬಿ. ಗಿಟಾರಿನಿಂದ ಬರುವ ಸದ್ದನ್ನು ಬದಲಿಸಿ ಮುಂದೆ ಕಳಿಸುತ್ತದೆ. ಜಪಾನಿನ ಬಾಸ್ ಕಂಪನಿ ತನ್ನ ಕಾಂಪ್ಯಾಕ್ಟ್ ಪೆಡಲುಗಳನ್ನು 1977ರಲ್ಲಿ ಬಿಟ್ಟ ಮೇಲೆ ಅಂಗೈಯಗಲದ ಈ ಡಬ್ಬಿಗಳು ಲೋಕವೆಲ್ಲ ಹಬ್ಬಿದವು. ಹೆಚ್ಚಿನವು ಓಡುವುದು 9 ವೋಲ್ಟಿನಲ್ಲಿ. ಯಾವುದು ಬೇಕು, ಯಾವುದು ಬೇಡ ಅನ್ನುವುದನ್ನು ದುಡ್ಡು ಸುರಿಯುವ ಮುನ್ನ ತಿಳಿಯುವುದು ಮೇಲು.

ಮೊದಲು ಬೇಕಾದ್ದು ಟ್ಯೂನರು. ಶ್ರುತಿ ತಪ್ಪಿದ ಬೇಸ್ ಇಡೀ ತಂಡವನ್ನೇ ಶ್ರುತಿ ತಪ್ಪಿದಂತೆ ಕೇಳಿಸುತ್ತದೆ. ಒಂದು ಒತ್ತಿಗೆ ಸದ್ದು ನಿಲ್ಲುತ್ತದೆ, ಹಾಡಿನ ನಡುವೆ ಮೆಲ್ಲಗೆ ಸರಿಪಡಿಸಿಕೊಳ್ಳಬಹುದು.

ಎರಡನೆಯದು ಕಂಪ್ರೆಸರು. ಜೋರಾಗಿ ಮೀಟಿದ್ದನ್ನು ತಗ್ಗಿಸಿ, ಮೆತ್ತಗಿನದನ್ನು ಎತ್ತಿ, ಎಲ್ಲ ಸ್ವರಗಳನ್ನೂ ಒಂದೇ ಅಳತೆಗೆ ತರುತ್ತದೆ. ಕಿರಾಣಿ ಅಂಗಡಿಯವರು ಅಕ್ಕಿ ಅಳೆದ ಮೇಲೆ ಸೇರಿನ ಬಾಯಿ ಸವರುತ್ತಿದ್ದರಲ್ಲ, ಹಾಗೆ. ಜಾಸ್ತಿ ಸವರಿದರೆ ಮಾತ್ರ ಜೀವವೇ ಹೋಗುತ್ತದೆ.

ಮೂರನೆಯದು ಆಕ್ಟೇವ್. ನುಡಿಸಿದ ಸ್ವರಕ್ಕೆ ಒಂದು ಸ್ಥಾಯಿ ಕೆಳಗಿನ ಸ್ವರವನ್ನು ಸೇರಿಸುತ್ತದೆ. ಬಾಸ್ ಕಂಪನಿಯ ಓಸಿ-2 ಎನ್ನುವ ಕಂದು ಡಬ್ಬಿ 1982ರದ್ದು, ಬೇಸ್‌ನವರು ಇವತ್ತಿಗೂ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಆದರೆ ಲೆಕ್ಕ ಹಾಕಿ. ದಪ್ಪ ತಂತಿಯ 41ನ್ನು ಅರ್ಧ ಮಾಡಿದರೆ 20. ಅದು ಕಿವಿಯ ಕೊನೆಯ ಗಡಿ, ಮೈದಾನದ ಬಾಕ್ಸುಗಳಿಗಂತೂ ದಕ್ಕದ್ದು. ಅಲ್ಲಿ ಆ ಡಬ್ಬಿ ಒತ್ತಿದರೆ ಆಂಪ್ಲಿಫೈಯರು ಬೆವರುತ್ತದೆಯೇ ಹೊರತು ಸಂಗೀತ ಬರುವುದಿಲ್ಲ. ಅದೇನಿದ್ದರೂ ಮೇಲಿನ ತಂತಿಗಳಿಗೆ.

ನಾಲ್ಕನೆಯದು ಸದ್ದನ್ನು ಹರಿದು ಒರಟು ಮಾಡುವ ಫಜ್. ಬೀಟಲ್ಸ್ ತಂಡದ 1965ರ ‘ರಬ್ಬರ್ ಸೋಲ್’ ಆಲ್ಬಮ್ಮಿನ ಒಂದು ಹಾಡಿನಲ್ಲಿ ಪಾಲ್ ಮೆಕಾರ್ಟ್ನಿ ಬೇಸ್‌ಗೆ ಫಜ್ ಹಾಕಿದರು. ಜಾಣತನ ಏನೆಂದರೆ, ಅದೇ ಹಾಡಿನಲ್ಲಿ ಮಾಮೂಲಿ ಬೇಸ್ ಕೂಡ ಜೊತೆಗೇ ಇದೆ. ಯಾಕೆಂದರೆ ಸದ್ದು ಹರಿದಾಗ ಮೇಲಿನ ಗರಗರ ಜಾಸ್ತಿಯಾಗಿ ಬುಡದ ತೂಕ ಸೊರಗಿದಂತೆ ಆಗುತ್ತದೆ. ಅದಕ್ಕೇ ಬೇಸ್‌ಗೆಂದು ಮಾಡಿದ ಪೆಡಲುಗಳಲ್ಲಿ ‘ಬ್ಲೆಂಡ್’ ಅಂತ ಒಂದು ತಿರುಗುಣಿ ಇರುತ್ತದೆ. ಒರಟು ಇಷ್ಟು, ಅಸಲು ಇಷ್ಟು ಎಂದು ಬೆರೆಸಿಕೊಳ್ಳಬಹುದು. ಕೊಳ್ಳುವಾಗ ಅದು ಇದೆಯೇ ನೋಡಿ ಕೊಳ್ಳಬೇಕು. 1972ರಲ್ಲಿ ಬಂದ ಮ್ಯೂಟ್ರಾನ್-3 ಎಂಬ ಪೆಡಲು ಮೀಟಿದ ಜೋರಿಗೆ ತಕ್ಕಂತೆ ‘ವಾವ್ ವಾವ್’ ಎನ್ನುತ್ತದೆ. ಬೂಟ್ಸಿ ಕಾಲಿನ್ಸ್ ಅದರಲ್ಲೇ ಹೆಸರು ಮಾಡಿದರು. ಗೌರಿ-ಗಣೇಶ ಭಕ್ತಿಗೀತೆಗೆ ಅದನ್ನು ಒತ್ತಬಾರದು ಅನ್ನುವಷ್ಟು ವಿವೇಕ ಇದ್ದರೆ ಸಾಕು.

ಜೋಡಿಸುವ ಕ್ರಮವೂ ಇದೆ. ಗಿಟಾರಿನಿಂದ ಮೊದಲು ಟ್ಯೂನರು, ಆಮೇಲೆ ಆಕ್ಟೇವ್, ಕಂಪ್ರೆಸರು, ಫಜ್, ಕೊನೆಗೆ ಡಿ.ಐ. ಬಾಕ್ಸು. ಆಕ್ಟೇವ್ ಮುಂದಿರಬೇಕು, ಯಾಕೆಂದರೆ ಅದಕ್ಕೆ ಒಂದೊಂದೇ ಸ್ವರ ಶುದ್ಧವಾಗಿ ಸಿಗಬೇಕು. ಹರಿದ ಸದ್ದು ಕೊಟ್ಟರೆ ಅದು ದಾರಿ ತಪ್ಪಿ ತೊದಲುತ್ತದೆ. ಕಂಪ್ರೆಸರನ್ನು ಅದಕ್ಕೂ ಮುಂದೆ ಇಡುವವರೂ ಇದ್ದಾರೆ, ಅದು ಅವರವರ ಕಿವಿ.

ರಿವೈಂಡಿಂಗ್ ಯಜಮಾನರ ಬಳಿ ಎಷ್ಟು ಪೆಡಲು ಉಂಟು? ‘ಒಂದೂ ಇಲ್ಲ. ಗಿಟಾರು, ಜ್ಯಾಕು, ಒಂದು ಡಿ.ಐ. ಡಬ್ಬಿ. ಅಷ್ಟೇ. ಹುಡುಗರು ಬಂದು ಯಾವ ಪೆಡಲ್ ತಗೊಳ್ಳಲಿ ಅಂತಾರೆ. ಮೊದಲು ಒಂದು ಹಾಡು ಡ್ರಮ್ಮಿನವನ ಕಾಲು ನೋಡ್ಕೊಂಡು ನುಡ್ಸಿ ತೋರ್ಸಿ ಅಂತೀನಿ. ಅರ್ಧ ಜನ ಮತ್ತೆ ಬರೋದಿಲ್ಲ!’

ಎಡಗೈ ಕೀಬೋರ್ಡು, ಬಲಗೈ ಪೆನ್‌ಡ್ರೈವು

ಹಾಗಾದರೆ ಬೇಸ್‌ನವನು ಹೋದದ್ದು ಯಾಕೆ? ಸಮಿತಿಯವರದು ಒಂದೇ ಉತ್ತರ, ಬಜೆಟ್ಟು. ಆರ್ಕೆಸ್ಟ್ರಾ ಮಾಲೀಕರನ್ನು ಕೇಳಿದರೆ ಅವರದೂ ಒಂದೇ ಉತ್ತರ, ಸಮಿತಿಯವರು ಕೊಡೋದಿಲ್ಲ. ಕೀಬೋರ್ಡಿನ ಮಣೆಯನ್ನು ಎರಡು ಭಾಗ ಮಾಡಿದರೆ ಎಡಗೈಯಲ್ಲೇ ಬೇಸ್ ನುಡಿಸಬಹುದು, ಒಬ್ಬ ಆಳು ಉಳಿತಾಯ. ಅದೂ ಬೇಡವೆಂದರೆ ಹಾಡಿನ ಟ್ರ್ಯಾಕು ಹಾಕಿದರಾಯ್ತು, ಐದು ಆಳು ಉಳಿತಾಯ. ಅವರ ಕಷ್ಟವೂ ಸುಳ್ಳಲ್ಲ. ವ್ಯಾನು ಬಾಡಿಗೆ, ಊಟ, ಮೈಕ್‌ಸೆಟ್ಟು ಎಲ್ಲ ಏರಿದೆ.

ಆದರೆ ಟ್ರ್ಯಾಕು ಯಾರಿಗೂ ಕಾಯುವುದಿಲ್ಲ. ಗಾಯಕಿ ಒಂದು ಸಾಲು ತಪ್ಪಿದರೆ, ಜನ ‘ಒನ್ಸ್ ಮೋರ್’ ಅಂದರೆ, ಪಲ್ಲವಿಯನ್ನು ಇನ್ನೊಮ್ಮೆ ಎತ್ತಿಕೊಂಡರೆ, ಬೇಸ್‌ನವನೂ ಡ್ರಮ್ಮಿನವನೂ ಕಣ್ಣಲ್ಲೇ ಮಾತಾಡಿಕೊಂಡು ಹಿಡಿದು ನಿಲ್ಲಿಸುತ್ತಿದ್ದರು. ಪೆನ್‌ಡ್ರೈವಿಗೆ ಕಣ್ಣಿಲ್ಲ. ಒಂದು ರಾತ್ರಿಯ ಪೇಮೆಂಟು ನಂಬಿ ಹಬ್ಬದ ತಿಂಗಳಲ್ಲಿ ಮಕ್ಕಳ ಫೀಸು ಕಟ್ಟುತ್ತಿದ್ದ ವಾದಕರ ಮನೆಗಳ ಲೆಕ್ಕ ಬೇರೆಯೇ ಇದೆ. ‘ಮೊದಲು ಗಣಪತಿಯಿಂದ ರಾಜ್ಯೋತ್ಸವದ ತನಕ ಬಿಡುವೇ ಇರ್ತಿರ್ಲಿಲ್ಲ. ಈಗ ಸೀಸನ್ನಿಗೆ ನಾಲ್ಕು ಬಂದ್ರೆ ಹೆಚ್ಚು’ ಎನ್ನುವಾಗ ಯಜಮಾನರ ನಗು ಸ್ವಲ್ಪ ಕಮ್ಮಿಯಾಗಿತ್ತು.

ಷಟರು ನಡುಗಿದರೆ ಬೇಸ್ ಅಲ್ಲ

ಇನ್ನೊಂದು ತಮಾಷೆ. ‘ನಮ್ಮ ಕಾರ್ಯಕ್ರಮದಲ್ಲಿ ಬೇಸ್ ಇಲ್ಲ ಅಂತೀರಾ? ಡಿ.ಜೆ. ಬಾಕ್ಸ್ ಕೇಳಿ, ಎದೆ ನಡುಗುತ್ತೆ’ ಎಂದು ಹೆಮ್ಮೆಪಡುವವರಿದ್ದಾರೆ. ಸ್ವಾಮಿ, ಎದೆ ನಡುಗುವುದು ಸಂಗೀತದ ಅಳತೆ ಅಲ್ಲ. ಬೇಸ್ ಗಿಟಾರು ಪ್ರತಿ ಕಾರ್ಡಿಗೂ ಬೇರೆ ಸ್ವರ ಹೇಳುತ್ತದೆ, ನಡುವೆ ಸುಮ್ಮನಿರುತ್ತದೆ. ಡಿ.ಜೆ. ಬಾಕ್ಸಿನಲ್ಲಿ ಕೆಳಗಿನ ತಿರುಗುಣಿಯನ್ನು ಕೊನೆಯವರೆಗೆ ತಿರುವಿಟ್ಟರೆ ಎಲ್ಲ ಸ್ವರವೂ ಸೇರಿ ಒಂದೇ ‘ಧಡ್’ ಆಗುತ್ತದೆ.

ಕಾನೂನೂ ಉಂಟು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ರಾತ್ರಿ ಎಂದರೆ 10ರಿಂದ ಬೆಳಗಿನ 6. ಹಬ್ಬದ ದಿನಗಳಲ್ಲಿ ನಡುರಾತ್ರಿ 12ರವರೆಗೆ ಸರ್ಕಾರ ವಿನಾಯಿತಿ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ.

ಇಲ್ಲಿ ಅಂಗಡಿಯವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಈ ಡೆಸಿಬೆಲ್ ಅಳೆಯುವ ಮೀಟರು ‘ಎ’ ಎನ್ನುವ ಲೆಕ್ಕದಲ್ಲಿ ಓಡುತ್ತದೆ. ಮನುಷ್ಯನ ಕಿವಿಗೆ ಕೆಳಸ್ವರ ಮಂದ ಎನ್ನುವ ಕಾರಣಕ್ಕೆ ಆ ಲೆಕ್ಕದಲ್ಲಿ ತಗ್ಗಿನ ಸದ್ದಿಗೆ ಭಾರಿ ರಿಯಾಯಿತಿ. ಸೆಕೆಂಡಿಗೆ 50 ನಡುಕದ ಸದ್ದು ಇದ್ದರೆ ಸುಮಾರು 30 ಡೆಸಿಬೆಲ್ ಕಡಿಮೆ ಮಾಡಿಯೇ ತೋರಿಸುತ್ತದೆ! ಅಂದರೆ ನಿಮ್ಮ ಅಂಗಡಿಯ ಷಟರು ಗಡಗಡ ಅನ್ನುತ್ತಿರುತ್ತದೆ, ಗಾಜಿನ ಬರಣಿಗಳು ಒಂದಕ್ಕೊಂದು ತಾಗುತ್ತಿರುತ್ತವೆ, ಮೀಟರು ಅಂಥದ್ದೇನೂ ಇಲ್ಲ ಎನ್ನಬಹುದು. ಮೇಲಾಗಿ ಉದ್ದ ಅಲೆಯ ಈ ಸದ್ದಿಗೆ ಸಾಮಾನ್ಯ ಗೋಡೆ ಅಷ್ಟಾಗಿ ಅಡ್ಡಿಯಾಗದು. ಹಾಡು ಹೊರಗೇ ಉಳಿಯುತ್ತದೆ, ಧಡ್ ಮಾತ್ರ ಮನೆಯೊಳಗೆ ಮಲಗಿದ ಮುದುಕರ ಹಾಸಿಗೆಯವರೆಗೆ ಬರುತ್ತದೆ.

ಮಾಡಬಹುದಾದ್ದು ಏನು?

ದೊಡ್ಡ ಕ್ರಾಂತಿ ಏನೂ ಬೇಡ. ಸಮಿತಿಯವರು ಡಿ.ಜೆ.ಗೆ ಎತ್ತಿಡುವ ಹಣದಲ್ಲಿ ಒಂದು ಪಾಲನ್ನು ಬೇಸ್ ಮತ್ತು ಡ್ರಮ್ಮಿನವರಿಗೆ ಇಡಲಿ. ಆರ್ಕೆಸ್ಟ್ರಾ ಬುಕ್ ಮಾಡುವಾಗ ‘ಲೈವ್ ಬೇಸ್ ಉಂಟಾ?’ ಎಂದು ಒಂದು ಮಾತು ಕೇಳಲಿ. ಬ್ಯಾನರಿನಲ್ಲಿ ಬಾಮೈದನ ಫೋಟೋದ ಪಕ್ಕ ವಾದಕರ ಹೆಸರಿಗೆ ಒಂದು ಗೆರೆ ಜಾಗ ಬಿಡಲಿ. ಮೈಕ್‌ಸೆಟ್‌ನವರು ಗಾಡಿಯಲ್ಲಿ ಒಂದು ಡಿ.ಐ. ಬಾಕ್ಸ್ ಇಟ್ಟುಕೊಳ್ಳಲಿ, ಅರ್ಥಿಂಗ್ ಸರಿ ಇದೆಯೇ ಎಂದು ಟೆಸ್ಟರ್ ಹಿಡಿದು ನೋಡಲಿ.

ಕಲಿಯುವ ಮಕ್ಕಳಿಗೂ ಒಂದು ಮಾತು. ಅಮೆರಿಕದಲ್ಲೇ ತಯಾರಾದ ಹೆಸರಾಂತ ಬೇಸ್ ಒಂದು ಲಕ್ಷ ದಾಟುತ್ತದೆ. ಶುರುವಿಗೆ ಅದು ಬೇಡವೇ ಬೇಡ. ಕುತ್ತಿಗೆ ಸೊಟ್ಟಗಾಗದ, ಶ್ರುತಿ ನಿಲ್ಲುವ ಸಾಧಾರಣ ವಾದ್ಯ ಸಾಕು. ಪೆಡಲಿನ ದುಡ್ಡು ಮೊದಲ ವರ್ಷ ಜೇಬಿನಲ್ಲೇ ಇರಲಿ. ಇದು ಗಂಡುಹುಡುಗರ ವಾದ್ಯ ಅಂದುಕೊಂಡವರು ಮೋಹಿನಿ ಡೇ ಅವರನ್ನು ಕೇಳಿ. ಬೇಸ್ ವಾದಕರಾದ ತಂದೆಯಿಂದ ಕಲಿತ ಈ ಹೆಣ್ಣುಮಗಳು ಎ.ಆರ್. ರೆಹಮಾನ್ ತಂಡದಲ್ಲಿ ನುಡಿಸಿ ದೇಶವಿದೇಶದಲ್ಲಿ ಹೆಸರು ಮಾಡಿದ್ದಾರೆ. ಬೆಂಗಳೂರಿನ ರಘು ದೀಕ್ಷಿತ್ ತಂಡಕ್ಕೆ ಹಿಂದೆ ಗೌರವ್ ವಾಜ್ ನುಡಿಸಿದ ಬೇಸ್ ಕೇಳಿದರೆ ಕನ್ನಡ ಹಾಡಿಗೂ ಈ ವಾದ್ಯಕ್ಕೂ ಎಷ್ಟು ಚೆನ್ನಾಗಿ ಹೊಂದುತ್ತದೆ ಎನ್ನುವುದು ಗೊತ್ತಾಗುತ್ತದೆ.

ಈ ಸಲ ಹಬ್ಬದ ಚಂದಾ ಪುಸ್ತಕ ಹಿಡಿದು ಹುಡುಗರು ಅಂಗಡಿ ಮುಂದೆ ನಿಂತಾಗ ರಸೀದಿ ಬರೆಸುವ ಮೊದಲು ‘ಈ ವರ್ಷ ಬೇಸ್ ಗಿಟಾರ್‌ನವನು ಬರ್ತಾನೇನಪ್ಪಾ?’ ಎಂದು ಕೇಳಿ. ಹತ್ತು ಅಂಗಡಿಯವರು ಕೇಳಿದರೆ ಸಮಿತಿ ಸಭೆಯಲ್ಲಿ ಮಾತು ಬರುತ್ತದೆ. ರಿವೈಂಡಿಂಗ್ ಯಜಮಾನರ ಗಿಟಾರಿಗೆ ಹೊಸ ತಂತಿ ಹಾಕಿಸಿದ್ದಾಗಿದೆ. ಕರೆಯುವವರು ಯಾರು? ಸಂಬಂಧಪಟ್ಟ ಸಮಿತಿಯವರು ಗಮನಿಸುವರೇ?